ಹಳೆ ವಾಚಿನ ಡಯಲ್‌ಗೆ ಮತ್ತೆ ಬೆಳಕು: ನಾನು ಮಾಡಿ ನೋಡಿದ ನಾಲ್ಕು ದಾರಿ

ಅಪ್ಪ ಮಲಗುವಾಗ ತಲೆದೆಸೆಯಲ್ಲಿ ಇಡುತ್ತಿದ್ದ ವಾಚು ಅದು. 1982ರ ರೋಲೆಕ್ಸ್ ಸಬ್‌ಮರೀನರ್. ನಾನು ಚಿಕ್ಕವನಿದ್ದಾಗ ರಾತ್ರಿ ಎಚ್ಚರವಾದರೆ ಆ ಹಸಿರು ಚುಕ್ಕಿಗಳು ಕಾಣುತ್ತಿದ್ದವು. ವಾಚು ನನ್ನ ಕೈಗೆ ಬರುವಷ್ಟರಲ್ಲಿ ಚುಕ್ಕಿಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಹಗಲಲ್ಲಿ ನೋಡೋಕೆ ತುಂಬಾ ಚೆಂದ, ಕತ್ತಲಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. ಆ ಬೆಳಕು ಮತ್ತೆ ಬೇಕು ಅನ್ನಿಸಿತು. ಎರಡು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಎಲ್ಲವನ್ನೂ ಅಪ್ಪನ ವಾಚಿನ ಮೇಲೆ ಮಾಡಲಿಲ್ಲ. ನನ್ನ ಹತ್ತಿರ ಇನ್ನೂ ಎರಡು ಹಳೆ ವಾಚು ಇದ್ದವು.

ಯಾವ ದಾರಿ ಹಿಡಿಯುವ ಮೊದಲೂ ಡಯಲ್ ಮೇಲೆ ಹಚ್ಚಿರುವುದು ಏನು ಅಂತ ತಿಳಿದುಕೊಳ್ಳಲೇಬೇಕು. ಆರರ ಗುರುತಿನ ಕೆಳಗೆ, ಅಂಚಿನಲ್ಲಿ, ಸಣ್ಣ ಅಕ್ಷರ ಇರುತ್ತದೆ. ನಮ್ಮದರಲ್ಲಿ 'ಸ್ವಿಸ್ – ಟಿ < 25' ಅಂತಿದೆ. ಅಂದರೆ ಟ್ರಿಟಿಯಂ ಅನ್ನೋ ವಿಕಿರಣ ಸೂಸುವ ವಸ್ತು, ಅದೂ 25 ಮಿಲಿಕ್ಯೂರಿಗಿಂತ (ಇದು ವಿಕಿರಣದ ಅಳತೆ) ಕಡಿಮೆ. ಟ್ರಿಟಿಯಂ ಪ್ರತಿ 12.3 ವರ್ಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ನಲವತ್ತು ವರ್ಷ ಆದಮೇಲೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಉಳಿದಿರುತ್ತದೆ. ಅದರ ಜೊತೆ ಬೆರೆಸಿದ, ಆ ವಿಕಿರಣಕ್ಕೆ ಹೊಳೆಯುವ ಜಿಂಕ್ ಸಲ್ಫೈಡ್ ಪುಡಿಯೂ ಅಷ್ಟರಲ್ಲಿ ಸೋತಿರುತ್ತದೆ. ಹಾಗಾಗಿ ಬಿಸಿಲಿಗೆ ಎಷ್ಟು ಹೊತ್ತು ಇಟ್ಟರೂ ಅದು ಮೊದಲಿನ ಹಾಗೆ ಹೊಳೆಯಲ್ಲ. ನೇರಳಾತೀತ ಟಾರ್ಚ್ ಹಿಡಿದರೆ ಒಂದು ಕ್ಷಣ ಮಿನುಗುತ್ತದೆ, ಟಾರ್ಚ್ ಆರಿಸಿದ ಕೆಲವೇ ಸೆಕೆಂಡಿನಲ್ಲಿ ಸತ್ತುಹೋಗುತ್ತದೆ.

ಐವತ್ತರ ದಶಕದ ಅಥವಾ ಅದಕ್ಕೂ ಹಿಂದಿನ ವಾಚಾದರೆ ಅದು ರೇಡಿಯಂ, ಅಂದರೆ ಇನ್ನೂ ಅಪಾಯದ ವಿಕಿರಣ ವಸ್ತು, ಅಂತಲೇ ತಿಳಿದುಕೊಳ್ಳಿ. ಬೆಳಕು ಹೋಗಿದೆ ಅಂದಮಾತ್ರಕ್ಕೆ ರೇಡಿಯಂ ಹೋಗಿರಲ್ಲ. ಅದು ಅರ್ಧ ಆಗೋಕೆ 1600 ವರ್ಷ ಬೇಕು. ಗಾಜು ತೆಗೆದು ಕೆರೆದರೆ ಆ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. 1920ರ ಹೊತ್ತಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಡಯಲ್‌ಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಅವರ ದವಡೆಯ ಮೂಳೆ ಕೊಳೆಯಿತು, ಎಷ್ಟೋ ಜನ ಸತ್ತರು. ಅಂಥ ಡಯಲ್ ಇದ್ದರೆ ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ. ಮುಂದೆ ಬರೆದಿದ್ದೆಲ್ಲ ಟ್ರಿಟಿಯಂ ಡಯಲ್‌ಗಳ ವಿಷಯ.

ಮೊದಲು ಹಿಡಿದಿದ್ದು ನಾನೇ ಹಚ್ಚುವ ದಾರಿ. ಸೂಪರ್ ಲ್ಯೂಮಿನೋವಾ ಪುಡಿ (ಬೆಳಕು ಹೀರಿಕೊಂಡು ಕತ್ತಲಲ್ಲಿ ಹೊಳೆಯುವಂಥದ್ದು, ವಿಕಿರಣ ಇಲ್ಲ), ಅದಕ್ಕೆ ಬೆರೆಸುವ ಅಂಟಿನಂಥ ಬೈಂಡರ್, ಒಂದು ಸಣ್ಣ ಗಾಜಿನ ತಟ್ಟೆ, ವಾಚಿಗೆ ಎಣ್ಣೆ ಬಿಡುವ ಕಡ್ಡಿ, ಭೂತಗನ್ನಡಿ. ಇಷ್ಟೇ ಸಾಮಾನು. ಅಪ್ಪನ ವಾಚಿಗಂತ ಕೊಂಡಿದ್ದ ಒಂದು ಜೊತೆ ಬಿಡಿ ಮುಳ್ಳುಗಳ ಮೇಲೆ ಮಾಡಿದೆ. ಈ ಮುಳ್ಳುಗಳ ಮಧ್ಯ ಟೊಳ್ಳು. ಮುಳ್ಳನ್ನು ಬೋರಲು ಹಾಕಿ ಹಿಂದಿನಿಂದ ತುಂಬಬೇಕು. ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದುಕೊಂಡು ಒಂದು ಅಂಚಿಗೆ ತಾಗಿಸಿ ನಿಧಾನಕ್ಕೆ ಎಳೆದರೆ ಅದು ತಾನೇ ಹರಿದು ಎರಡೂ ಅಂಚು ಹಿಡಿದು ನಿಲ್ಲುತ್ತದೆ, ಸೋಪಿನ ನೀರಿನ ಪೊರೆ ನಿಲ್ಲುತ್ತದಲ್ಲ, ಹಾಗೆ. ಮೊದಲ ಸಲ ಅದು ಕೂತಾಗ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಬೈಂಡರ್ ಜಾಸ್ತಿ ಆಗಿತ್ತು. ಒಣಗಿದ ಮೇಲೆ ನಡುವೆ ತೆಳ್ಳಗಾಗಿ ತಗ್ಗು ಬಿತ್ತು. ದಪ್ಪ ಕಲಸಿದರೆ ಉಂಡೆ ಕಟ್ಟಿತು. ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು ಅನ್ನೋ ಹದ ಸಿಗೋಕೆ ಒಂಬತ್ತು ಸಲ ತೊಳೆದು ಮತ್ತೆ ಹಚ್ಚಬೇಕಾಯಿತು.

ಮುಳ್ಳು ಸರಿ. ಡಯಲ್ ಬೇರೆಯೇ ಕಥೆ. ಎರಡನೇ ವಾಚು ತೊಂಬತ್ತರ ದಶಕದ್ದು. ಅದರಲ್ಲಿ ಮೂರು ಚುಕ್ಕಿ ಆಗಲೇ ಪುಡಿಯಾಗಿ ಉದುರಿದ್ದವು. ಆ ಡಯಲ್‌ನಲ್ಲಿ ಒಂದು ಚುಕ್ಕಿಗೆ ಪ್ರಯತ್ನಿಸಿದೆ. ಹನಿ ಗೆರೆ ದಾಟಿ ಕಪ್ಪು ಬಣ್ಣದ ಮೇಲೆ ಹರಿಯಿತು. ಒರೆಸಲು ಹೋದರೆ ಪಕ್ಕದ ಅಕ್ಷರವೇ ಮಸುಕಾಯಿತು. ಅಲ್ಲಿಗೆ ಕೈಬಿಟ್ಟೆ. ಮುಳ್ಳು ಕೆಟ್ಟರೆ ಇನ್ನೊಂದು ಜೊತೆ ಸಿಗುತ್ತದೆ. ಡಯಲ್ ಕೆಟ್ಟರೆ ಅದು ಕೆಟ್ಟ ಹಾಗೇ.

ಅದೇ ಡಯಲನ್ನು ಇದನ್ನೇ ಕಸುಬು ಮಾಡಿಕೊಂಡವರಿಗೆ ಕಳಿಸಿದೆ. ಇದು ಎರಡನೇ ದಾರಿ. ಅವರು ಕೇಳಿದ ಮೊದಲ ಪ್ರಶ್ನೆಯೇ ಬಣ್ಣದ್ದು. ಹೊಸದರ ಹಾಗೆ ಕಾಣಬೇಕಾ, ಹಳೆಯ ಬಣ್ಣ ಬೇಕಾ? ಹಳೆಯ ಕಂದು ಛಾಯೆ ಬೇಕೆಂದರೆ ಪುಡಿಗೆ ಬಣ್ಣ ಬೆರೆಸುತ್ತಾರೆ. ಆ ಬಣ್ಣ ಬೆಳಕನ್ನು ನುಂಗುತ್ತದೆ. ಛಾಯೆ ಗಾಢ ಆದಷ್ಟೂ ಹೊಳಪು ಕಡಿಮೆ. ತಿಳಿ ಹಳದಿ ಮಿಶ್ರಿತ ಹಸಿರಿನ ಸಿ3 ಅನ್ನೋ ಬಗೆಯೇ ಜಾಸ್ತಿ ಹೊಳೆಯುವುದು. ಬಿಳಿಯ ಸಿ1 ಅದಕ್ಕಿಂತ ಮಂಕು. ನಾನು ಸಿ3ಗೆ ಸ್ವಲ್ಪವೇ ಕೆನೆ ಬಣ್ಣ ಸೇರಿಸಿ ಅಂದೆ. ಬಂದ ಕೆಲಸ ನೋಡಿ ಮಾತೇ ಹೊರಡಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೂ ಪ್ರತಿ ಚುಕ್ಕಿಯೂ ಒಂದೇ ಎತ್ತರ, ಅಂಚು ದುಂಡಗೆ.

ನಾನು ತುಂಬಿದ ಮುಳ್ಳು, ಅವರು ಹಚ್ಚಿದ ಡಯಲ್, ಎರಡನ್ನೂ ಒಂದೇ ದೀಪದ ಕೆಳಗೆ ಒಂದು ನಿಮಿಷ ಇಟ್ಟು ಕತ್ತಲೆ ಕೋಣೆಗೆ ತಂದೆ. ಮೊದಲ ಹತ್ತು ನಿಮಿಷ ನಾನು ತುಂಬಿದ ಮುಳ್ಳೇ ಮುಂದೆ, ಯಾಕೆಂದರೆ ಅದರಲ್ಲಿ ಬಣ್ಣ ಬೆರೆಸಿರಲಿಲ್ಲ. ಒಂದು ಗಂಟೆಗೆ ಎರಡೂ ಸಮ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ನನ್ನದು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು, ಅವರದ್ದರಲ್ಲಿ ಚುಕ್ಕಿಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ವ್ಯತ್ಯಾಸ ಇರೋದು ದಪ್ಪದಲ್ಲಿ. ಪದರ ತೆಳುವಾದರೆ ಶುರುವಿನ ಹೊಳಪು ಕಣ್ಣು ಕುಕ್ಕುತ್ತದೆ, ರಾತ್ರಿಯಿಡೀ ನಿಲ್ಲಲ್ಲ.

ಮೂರನೆಯದು ಕಂಪನಿ ಸರ್ವಿಸ್. ಇನ್ನೊಂದು ವಾಚನ್ನು ಹಾಗೆ ಕೊಟ್ಟಿದ್ದೆ. ಅವರು ಪುಡಿ ಹಚ್ಚಲ್ಲ, ಡಯಲ್ಲು ಮುಳ್ಳು ಎರಡನ್ನೂ ಬದಲಾಯಿಸುತ್ತಾರೆ. ಬೆಳಕಿನ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ಮೇಲು, ಅನುಮಾನ ಬೇಡ. ಆದರೆ ವಾಪಸ್ ಬಂದ ವಾಚಿನಲ್ಲಿ ನನಗೆ ಗೊತ್ತಿದ್ದ ಮುಖವೇ ಇರಲಿಲ್ಲ. ಹಳೆ ಡಯಲ್ ಕೇಳಿದರೆ ಕೊಡುವ ಪದ್ಧತಿ ಇಲ್ಲ ಅಂದರು. ಇವತ್ತಿಗೂ ಅದು ನೋವೇ. ಹಳೆಯ ಭಾಗ ವಾಪಸ್ ಕೊಡ್ತೀರಾ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ. ಕೊಡಲ್ಲ ಅಂದರೆ ಎದ್ದು ಬನ್ನಿ. ಹಳೆ ವಾಚು ಕೊಳ್ಳುವವರು ಮೊದಲು ನೋಡುವುದೇ ಮೂಲ ಡಯಲ್ ಇದೆಯಾ ಅಂತ.

ನಾಲ್ಕನೆಯದು ಹೊಳಪು ತರುವ ದಾರಿಯೇ ಅಲ್ಲ, ಇರುವುದನ್ನು ಉಳಿಸಿಕೊಳ್ಳುವುದು. ಹಳೆ ಟ್ರಿಟಿಯಂ ಒಣಗಿ ಬಿರುಕು ಬಿಡುತ್ತದೆ, ಉದುರಿದ ಚೂರು ಮೆಷಿನ್ ಒಳಗೆ ಹೋಗಿ ಚಕ್ರಕ್ಕೆ ಸಿಗುತ್ತದೆ. ಮುಳ್ಳಿನ ಹಿಂಬದಿಗೆ ತೆಳ್ಳಗೆ ಬೈಂಡರ್ ಮಾತ್ರ ಬಿಟ್ಟರೆ ಅದು ಗಟ್ಟಿ ಹಿಡಿದುಕೊಳ್ಳುತ್ತದೆ, ಮುಂಬದಿಯ ಬಣ್ಣ ಹಾಗೇ ಉಳಿಯುತ್ತದೆ. ಅಪ್ಪನ ವಾಚಿನ ಮೂಲ ಮುಳ್ಳುಗಳಿಗೆ ಇದನ್ನೇ ಮಾಡಿಸಿದೆ.

ಹಾಗಾದರೆ ಯಾವುದು ಒಳ್ಳೆಯದು? ಚುಕ್ಕಿ ಆಗಲೇ ಉದುರಿದ್ದರೆ, ಹಿಂದೆ ಯಾರೋ ಕೆಟ್ಟದಾಗಿ ಹಚ್ಚಿದ್ದರೆ, ಕಣ್ಣು ಮುಚ್ಚಿ ಎರಡನೇ ದಾರಿ ಹಿಡಿಯಿರಿ. ಡಯಲ್ ಪೂರ್ತಿ ಇದ್ದರೆ ಮುಟ್ಟಲೇಬೇಡಿ, ನನ್ನ ಮಾತು ಕೇಳಿ. ಸುಮ್ನೆ ಹೇಳ್ತಿಲ್ಲ. ತೆಗೆದ ಟ್ರಿಟಿಯಂ ಮತ್ತೆ ಬರಲ್ಲ, ನಲವತ್ತು ವರ್ಷದಲ್ಲಿ ಹಣ್ಣಾದ ಆ ಬಣ್ಣವನ್ನು ಯಾವ ಪುಡಿಯೂ ಸರಿಯಾಗಿ ಹೋಲಲ್ಲ.

ಮತ್ತೆ ಬೆಳಕು? ಅದಕ್ಕೊಂದು ಉಪಾಯ ಸಿಕ್ಕಿತು. ಅಪ್ಪನ ಡಯಲ್ ಹಾಗೇ ಇದೆ. ಮೂಲ ಮುಳ್ಳುಗಳು ಡಬ್ಬಿಯಲ್ಲಿ ಭದ್ರ. ಬಿಡಿ ಮುಳ್ಳುಗಳಿಗೆ ಅದೇ ಕಸುಬಿನವರ ಕೈಯಲ್ಲಿ ಸಿ3 ತುಂಬಿಸಿ ಹಾಕಿಸಿದೆ. ಆದರೆ ಕತ್ತಲಲ್ಲಿ ಎರಡು ಮುಳ್ಳು ಮಾತ್ರ ಕಂಡರೆ ಹನ್ನೆರಡು ಎಲ್ಲಿದೆ ಅಂತ ಗೊತ್ತಾಗಲ್ಲ, ಅಲ್ವಾ? ಸಬ್‌ಮರೀನರ್‌ನ ಹೊರಗಿನ ತಿರುಗುವ ಬಳೆಯಲ್ಲಿ ಒಂದು ಮುತ್ತಿನಂಥ ಚುಕ್ಕಿ ಇದೆ. ಅದಿರುವ ಪಟ್ಟಿಯನ್ನು ವಾಚು ಬಿಚ್ಚದೆಯೇ ಬದಲಾಯಿಸಬಹುದು. ಹೊಳೆಯುವ ಮುತ್ತಿನ ಪಟ್ಟಿ ಹಾಕಿಸಿದೆ, ಹಳೆಯದು ಮುಳ್ಳುಗಳ ಜೊತೆ ಡಬ್ಬಿ ಸೇರಿತು. ಈಗ ಮಲಗುವ ಮೊದಲು ಬಳೆ ತಿರುಗಿಸಿ ಮುತ್ತನ್ನು ಹನ್ನೆರಡಕ್ಕೆ ತಂದು ತಲೆದೆಸೆಯಲ್ಲಿ ಇಡುತ್ತೇನೆ. ರಾತ್ರಿ ಕಣ್ಣು ಬಿಟ್ಟರೆ ಒಂದು ಚುಕ್ಕಿ, ಎರಡು ಗೆರೆ. ಟೈಮ್ ಎಷ್ಟಂತ ತಿಳಿಯೋಕೆ ಅಷ್ಟು ಸಾಕು.