ದೊಡ್ಡ ಬಸ್, ಟೂರ್ ಕಂಪನಿ, ಮಿನಿ ಬಸ್: ಮೂರು ಸಲ ಬ್ರೂವರಿ ಸುತ್ತಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಿನಿ ಬಸ್ಸಿಗೆ. 16 ಜನ, ಬಿಯರ್ ಮಾಡುವ 3 ಬ್ರೂವರಿ, ನಡುವೆ ಹೊಟ್ಟೆ ತುಂಬ ಊಟ. ಇಷ್ಟು ಸರಳವಾದ ಉತ್ತರ ಸಿಗಲು ನನಗೆ ಎರಡು ಪ್ರವಾಸ ಬೇಕಾದವು. ಒಂದು ಪೂರ್ತಿ ಕೆಟ್ಟಿತು, ಇನ್ನೊಂದು ಸಪ್ಪೆಯಾಯಿತು.

ನಮ್ಮ ಗೆಳೆಯರ ಗುಂಪಿನಲ್ಲಿ ಏನೇ ಕಾರ್ಯಕ್ರಮ ಆದರೂ ಕೊನೆಗೆ ನನ್ನ ತಲೆಗೇ ಬರುತ್ತದೆ. ಆಗಲ್ಲ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಸುತ್ತಮುತ್ತ ಇರುವ ಸಣ್ಣ ಕ್ರಾಫ್ಟ್ ಬ್ರೂವರಿಗಳನ್ನು ಒಂದೇ ದಿನ ನೋಡಿ ಬರೋಣ ಎಂದು ಯಾರೋ ಅಂದರು, ಉಳಿದವರೆಲ್ಲ ಹೂಂ ಅಂದರು. ಕುಡಿದು ಗಾಡಿ ಓಡಿಸುವ ಮಾತೇ ಇಲ್ಲ. ಕುಡಿಯದ ಗೆಳೆಯರನ್ನು ಡ್ರೈವರ್ ಮಾಡಿಕೊಂಡು ನಾಲ್ಕು ಕಾರಿನಲ್ಲಿ ಹೋಗುವುದೂ ಒಂದು ದಾರಿ, ಆದರೆ ಅದು ಅವರಿಗೆ ಶಿಕ್ಷೆ. ಹಾಗಾಗಿ ಬಸ್.

ಮೊದಲ ಸಲ ದೊಡ್ಡ ಬಸ್ ಮಾಡಿದೆ. 38 ಜನ ಬರುತ್ತೇವೆ ಅಂದರು. ತಲೆಗೆ ಬೀಳುವ ಖರ್ಚು ಎಷ್ಟು ಕಡಿಮೆಯಾಯಿತು ಎಂದರೆ, ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ. ಆ ಖುಷಿಯಲ್ಲಿ ಅಡ್ವಾನ್ಸ್ ಕೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಬಂದವರು 31. ಉಳಿದ 7 ಸೀಟಿನ ದುಡ್ಡು ಯಾರ ಜೇಬಿನಿಂದ ಹೋಯಿತು ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬಸ್ ನೋಡುವಾಗ ಸೀಟು ನೋಡಿದ್ದೆ, ಎಸಿ ನೋಡಿದ್ದೆ, ಸಾಮಾನು ಇಡುವ ಜಾಗವನ್ನೂ ಬಗ್ಗಿ ನೋಡಿದ್ದೆ. ವಿಚಾರಿಸದೇ ಬಿಟ್ಟದ್ದು ಟಾಯ್ಲೆಟ್. ನಾನು ಹೇಳುತ್ತಿರುವುದು ಬ್ರೂವರಿಯ ಟಾಯ್ಲೆಟ್ ಬಗ್ಗೆ.

ಸಣ್ಣ ಬ್ರೂವರಿ ಅಂದರೆ ಒಂದು ದೊಡ್ಡ ಶೆಡ್. ಜಾಗವನ್ನೆಲ್ಲ ಟ್ಯಾಂಕುಗಳೇ ತಿಂದಿರುತ್ತವೆ. ಮೂಲೆಯಲ್ಲೊಂದು ಕೌಂಟರ್, ಅದರ ಪಕ್ಕ ಎರಡು ಟಾಯ್ಲೆಟ್. ದಿನವಿಡೀ ನಾಲ್ಕಾರು ಜನ ಬಂದು ಹೋಗುವ ಕಡೆ ಅದು ಧಾರಾಳವಾಯಿತು. ಒಂದು ಗಂಟೆ ಬಸ್ಸಿನಲ್ಲಿ ಕೂತಿದ್ದ 31 ಜನ ಒಟ್ಟಿಗೇ ಇಳಿದರೆ? ಒಬ್ಬರಿಗೆ 2 ನಿಮಿಷ ಹಿಡಿಯಿರಿ. ಎರಡು ಬಾಗಿಲಿಗೆ 31 ನಿಮಿಷ. ನಾನು ಒಂದೊಂದು ಬ್ರೂವರಿಗೆ ಇಟ್ಟಿದ್ದ ಹೊತ್ತು 45 ನಿಮಿಷ!

ಇದು ಬಂದಿಳಿದಾಗಿನ ಲೆಕ್ಕ ಮಾತ್ರ. ಹೊರಡುವಾಗ ಇನ್ನೊಂದು ಕ್ಯೂ. ಬಿಯರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ನೀರೇ. ಸಾಲದ್ದಕ್ಕೆ, ನೀರನ್ನು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಹೇಳುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತದೆ. ಅದಕ್ಕೇ ಮೊದಲು ಹೋಗಿ ಬಂದವನು ಕ್ಯೂ ಮುಗಿಯುವ ಹೊತ್ತಿಗೆ ಮತ್ತೆ ಕ್ಯೂವಿನ ಕೊನೆಯಲ್ಲಿ ನಿಂತಿರುತ್ತಾನೆ. ನಾನು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದೆ. 29 ಆಗುತ್ತಿತ್ತು, 30 ಆಗುತ್ತಿತ್ತು, ಯಾರೋ ಇಬ್ಬರು ಇಳಿದು ಮತ್ತೆ 28 ಆಗುತ್ತಿತ್ತು. ಎರಡನೇ ಬ್ರೂವರಿಯಿಂದ ಹೊರಟು ಇಪ್ಪತ್ತು ನಿಮಿಷವಾಗಿರಲಿಲ್ಲ, ಹಿಂದಿನ ಸೀಟಿನಿಂದ "ಅಣ್ಣಾ, ಸ್ವಲ್ಪ ಸೈಡಿಗೆ ಹಾಕಿ" ಎಂಬ ಕೂಗು. ಡ್ರೈವರ್ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಕೌಂಟರಿನ ಕಥೆಯೂ ಇದೇ. ರುಚಿ ನೋಡಲು ಕೊಡುವ ಸಣ್ಣ ಟೇಸ್ಟರ್ ಗ್ಲಾಸ್ ತಲೆಗೆ 4 ಅಂದರೆ 124 ಗ್ಲಾಸ್. ಬಗ್ಗಿಸುವವರು ಒಬ್ಬರೇ. ನೊರೆ ಕೂರುವವರೆಗೆ ಕಾಯಬೇಕು, ಒಂದಕ್ಕೆ 20 ಸೆಕೆಂಡ್ ಅಂದರೂ 41 ನಿಮಿಷ. ಮೊದಲನೆಯವನು ನಾಲ್ಕನೇ ಗ್ಲಾಸ್ ಮುಗಿಸಿ "ಮುಂದೇನು?" ಎಂದು ಕೇಳುವಾಗ ಕೊನೆಯವನಿಗೆ ಮೊದಲನೇ ಗ್ಲಾಸೂ ಬಂದಿರಲಿಲ್ಲ. ಟ್ಯಾಂಕ್ ತೋರಿಸಲು ಕಾದಿದ್ದ ಬ್ರೂವರ್ ಕಾದು ಕಾದು ತನ್ನ ಕೆಲಸಕ್ಕೆ ಹೋದರು. ಮೂರನೆಯ ಕಡೆ ನಾವು ಮುಟ್ಟಿದ್ದು ಒಂದೂವರೆ ಗಂಟೆ ತಡವಾಗಿ. ನಾಲ್ಕನೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ನಮಗೋಸ್ಕರ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದರು. ಅದು ಈಗಲೂ ಚುಚ್ಚುತ್ತದೆ.

ಹೋಗದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಟೇಸ್ಟರ್ ಗ್ಲಾಸ್ 120 ಮಿಲಿ. ನಾಲ್ಕಕ್ಕೆ 480 ಮಿಲಿ. ಶೇಕಡಾ 5ರ ಬಿಯರ್ ಆದರೆ ಅದರಲ್ಲಿ ಸುಮಾರು 19 ಗ್ರಾಂ ಆಲ್ಕೋಹಾಲ್. ನಾಲ್ಕು ಕಡೆ ಕುಡಿದಿದ್ದರೆ 76 ಗ್ರಾಂ. ನಮ್ಮ ದೇಹ ಗಂಟೆಗೆ ಕರಗಿಸುವುದು ಹೆಚ್ಚೆಂದರೆ 10 ಗ್ರಾಂ ಆಸುಪಾಸು, ಎಷ್ಟೋ ಜನರಿಗೆ ಅದೂ ಇಲ್ಲ. ಸಣ್ಣ ಗ್ಲಾಸ್ ತಾನೇ ಎಂಬ ಧೈರ್ಯ ಮೋಸ ಮಾಡುತ್ತದೆ. ಮೂರನೆಯ ಕಡೆಯೇ ನಮ್ಮಲ್ಲಿ ಯಾರೂ ರುಚಿ ನೋಡುತ್ತಿರಲಿಲ್ಲ, ಸುಮ್ನೆ ಕುಡಿಯುತ್ತಿದ್ದರು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಹತ್ತಿರ ಇದೆ ಎಂದು ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಕಹಿ ಬಿಯರಿಗೆ ಹೆಸರಾದ ಬ್ರೂವರಿಯನ್ನು ಮೊದಲಿಗೆ ಇಟ್ಟಿದ್ದೆ. ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವನ್ನು ಕುದಿಸಿದಾಗ ಅದರಲ್ಲಿನ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿ ಬಿಡುತ್ತವೆ, ಐಪಿಎಯಲ್ಲಿ ಆ ಕಹಿ ಜೋರು. ಅದು ನಾಲಿಗೆ ಮೇಲೆ ಕೂತ ಮೇಲೆ, ಮುಂದಿನ ಕಡೆ ಕೊಟ್ಟ ಒಳ್ಳೆಯ ವೀಟ್ ಬಿಯರ್, ಅಂದರೆ ಗೋಧಿ ಬಿಯರ್, ನೀರಿನ ಹಾಗಿತ್ತು. ಪಾಪ, ಅದನ್ನು ಮಾಡಿದವರು ಎದುರಿಗೇ ನಿಂತಿದ್ದರು.

ಬಸ್ಸಿನವರ ಬಿಲ್ ಬಗ್ಗೆ ಎರಡೇ ಮಾತು. ಗಂಟೆ ಮತ್ತು ಕಿಲೋಮೀಟರ್ ಎರಡನ್ನೂ ಅವರು ಎಣಿಸಿದ್ದು ಬಸ್ ಅವರ ಶೆಡ್ ಬಿಟ್ಟಲ್ಲಿಂದ ಶೆಡ್ ಸೇರುವವರೆಗೆ. ನಾನು ನಾವು ಹತ್ತಿದಲ್ಲಿಂದ ಎಂದುಕೊಂಡಿದ್ದೆ. ಕೇಳಿದ್ದರೆ ಹೇಳುತ್ತಿದ್ದರೋ ಏನೋ, ತಾವಾಗಿ ಹೇಳಲಿಲ್ಲ. ತಡವಾದ ಹೊತ್ತಿಗೆ ಬೇರೆ ದುಡ್ಡು.

ದೊಡ್ಡ ಬಸ್ಸಿನಲ್ಲಿ ಒಳ್ಳೆಯದು ಏನೂ ಇರಲಿಲ್ಲವೇ? ಇತ್ತು. ಗಲಾಟೆ ಚೆನ್ನಾಗಿತ್ತು. ಕೊಂಡ ಬಾಟಲಿಗಳನ್ನು ಕೆಳಗಿನ ಡಿಕ್ಕಿಯಲ್ಲಿ ಕತ್ತಲಲ್ಲಿ ಇಡಬಹುದಿತ್ತು. ಬಿಸಿಲು ಬಿದ್ದರೆ ಹಾಪ್ಸಿನ ಅಂಶ ಒಡೆದು ಬಿಯರ್ ನಾರುತ್ತದೆ, ಬಾಟಲಿಗೆ ಕಂದು ಬಣ್ಣ ಇರುವುದು ಅದನ್ನು ತಡೆಯಲಿಕ್ಕೇ.

ಎರಡನೇ ಸಲ ನಾನು ಏನೂ ಮಾಡಲ್ಲ ಎಂದು ಹಟ ಹಿಡಿದು, ಟೂರ್ ಕಂಪನಿಯವರ ರೆಡಿ ಪ್ರವಾಸದಲ್ಲಿ ಸೀಟು ಕಾದಿರಿಸಿದೆ. ನಮ್ಮವರು 9 ಜನ, ಉಳಿದವರು ಗುರುತಿಲ್ಲದವರು. ತಲೆಗೆ ಬಿದ್ದ ಖರ್ಚು ದೊಡ್ಡ ಬಸ್ಸಿನ ಹೆಚ್ಚುಕಡಿಮೆ ಎರಡರಷ್ಟು.

ಗೈಡ್ ಬಗ್ಗೆ ದೂರಿಲ್ಲ. ವಿಷಯ ಗೊತ್ತಿದ್ದವರು. ಬಿಯರಿನಲ್ಲಿ ಏಲ್, ಲಾಗರ್ ಎಂದು ಎರಡು ದೊಡ್ಡ ಬಗೆ; ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ ಯೀಸ್ಟ್. ಏಲ್ ಮಾಡುವ ಯೀಸ್ಟ್ 18-20 ಡಿಗ್ರಿಯಲ್ಲಿ ಚುರುಕಾಗಿ ಕೆಲಸ ಮುಗಿಸುತ್ತದೆ, ಲಾಗರ್ ಯೀಸ್ಟಿಗೆ 10 ಡಿಗ್ರಿ ಆಸುಪಾಸಿನ ತಂಪು ಬೇಕು, ಆಮೇಲೂ ವಾರಗಟ್ಟಲೆ ತಣ್ಣಗೆ ಕೂರಬೇಕು. ಅಷ್ಟು ದಿನ ಟ್ಯಾಂಕ್ ಸಿಕ್ಕಿಬೀಳುತ್ತದೆ ಎಂದು ಎಷ್ಟೋ ಸಣ್ಣ ಬ್ರೂವರಿಗಳು ಏಲ್ ಕಡೆಗೇ ವಾಲುತ್ತವಂತೆ. ಲಾಗರ್ ಯೀಸ್ಟ್ ಎರಡು ಜಾತಿಯ ಮಿಶ್ರಣ, ಅದರಲ್ಲಿ ಚಳಿ ತಡೆಯುವ ಜಾತಿ ಯಾವುದೆಂದು 2011ರಲ್ಲಿ ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾದ ಕಾಡಿನಲ್ಲಿ ಪತ್ತೆಯಾಯಿತು ಎಂಬ ಕಥೆಯನ್ನೂ ಅವರೇ ಹೇಳಿದರು. ನಾನು ಒಬ್ಬನೇ ಹೋಗಿದ್ದರೆ ಇದೆಲ್ಲ ಎಲ್ಲಿ ತಿಳಿಯುತ್ತಿತ್ತು?

ಸಮಯಕ್ಕೆ ಸರಿಯಾಗಿ ಹೋದೆವು, ಸಮಯಕ್ಕೆ ಸರಿಯಾಗಿ ಬಂದೆವು. ಟಾಯ್ಲೆಟ್ ಕ್ಯೂ ಇರಲೇ ಇಲ್ಲ, ಒಪ್ಪಿಕೊಳ್ಳಬೇಕು. ಅದಕ್ಕೆ ಕಾರಣವೂ ಇದೆ. ಅವರು ಕರೆದುಕೊಂಡು ಹೋದದ್ದು ದೊಡ್ಡ ಹಾಲ್, ಟೀ ಶರ್ಟ್ ಅಂಗಡಿ ಇರುವ ಬ್ರೂವರಿಗಳಿಗೆ. ಅಲ್ಲಿಗೆ ನಾವು ಯಾವ ದಿನ ಬೇಕಾದರೂ ಹೋಗಬಹುದು. ಶೆಡ್ಡಿನಲ್ಲಿ ಇಬ್ಬರು ಸೇರಿ ಬಿಯರ್ ಮಾಡುವ ಕಡೆಗೆ ಅವರ ಬಸ್ ಹೋಗುವುದೇ ಇಲ್ಲ. ನಮ್ಮಲ್ಲೊಬ್ಬ ಮನೆಯಲ್ಲೇ ಬಿಯರ್ ಮಾಡಲು ಕಲಿಯುತ್ತಿದ್ದಾನೆ. ಅವನು ಬ್ರೂವರ್ ಹತ್ತಿರ ಎರಡನೇ ಪ್ರಶ್ನೆ ಶುರು ಮಾಡುವಷ್ಟರಲ್ಲಿ "ಹೊರಡೋಣ, ಹೊರಡೋಣ" ಎಂದು ಚಪ್ಪಾಳೆ ಬಿತ್ತು. ಕೊನೆ ಗಳಿಗೆಯಲ್ಲಿ ಬರಲಾಗದ ಒಬ್ಬರ ದುಡ್ಡು ವಾಪಸ್ ಬರಲಿಲ್ಲ.

ನಾಲ್ಕೈದು ಜನ ಇದ್ದು ತಲೆನೋವು ಬೇಡ ಅನ್ನುವವರಿಗೆ ಇದು ಸಾಕು. ನನಗೆ ಸಾಲಲಿಲ್ಲ.

ಮೂರನೇ ಸಲ ಮಿನಿ ಬಸ್. ಈ ಸಲ ಬಸ್ ಹುಡುಕುವ ಮುಂಚೆ ಬ್ರೂವರಿಗಳಿಗೆ ಫೋನ್ ಮಾಡಿದೆ. ಟಾಯ್ಲೆಟ್ ಎಷ್ಟಿವೆ? ಬಗ್ಗಿಸುವವರು ಎಷ್ಟು ಜನ? ಟ್ಯಾಂಕ್ ಹತ್ತಿರ ಒಂದು ಸಲಕ್ಕೆ ಎಷ್ಟು ಜನ ನಿಲ್ಲಬಹುದು? ಗಾಡಿ ತಿರುಗಿಸಲು ಜಾಗ ಇದೆಯಾ? ಮೊದಲ ಪ್ರಶ್ನೆಗೆ ಎಲ್ಲರೂ ಒಂದು ಕ್ಷಣ ಸುಮ್ಮನಾದರು, ಆಮೇಲೆ ನಕ್ಕರು, ಆಮೇಲೆ ಸರಿಯಾಗಿ ಉತ್ತರ ಕೊಟ್ಟರು. ಟ್ಯಾಂಕಿನ ಪಕ್ಕ ಎಂಟು ಹತ್ತು ಜನರಿಗಿಂತ ಜಾಸ್ತಿ ಆಗಲ್ಲ ಎಂದು ಮೂವರೂ ಹೇಳಿದರು. 16 ಎಂಬ ಸಂಖ್ಯೆ ಬಂದದ್ದು ಅಲ್ಲಿಂದ: ಎಂಟು ಜನರ ಎರಡು ತಂಡ.

ಒಂದು ತಂಡ ಟ್ಯಾಂಕ್ ನೋಡುತ್ತದೆ, ಇನ್ನೊಂದು ಕೌಂಟರಿನಲ್ಲಿರುತ್ತದೆ, ಆಮೇಲೆ ಅದಲು ಬದಲು. ತಲೆಗೆ 3 ಗ್ಲಾಸ್, ಒಂದೊಂದು 100 ಮಿಲಿ. ಎಂಟು ಜನರಿಗೆ 24 ಗ್ಲಾಸ್, 8 ನಿಮಿಷದ ಕೆಲಸ. ಮೂರೂ ಕಡೆ ಸೇರಿ ತಲೆಗೆ ಒಟ್ಟು 900 ಮಿಲಿ, ಆಲ್ಕೋಹಾಲ್ 36 ಗ್ರಾಂ ಒಳಗೆ. ಮೊದಲ ಪ್ರವಾಸದ ಲೆಕ್ಕದ ಅರ್ಧಕ್ಕೂ ಕಡಿಮೆ. ಕಡಿಮೆಯಾಯಿತು ಎಂದು ಇಬ್ಬರು ಗೊಣಗಿದರು. ಬೇಕಾದರೆ ಬಾಟಲಿ ಕೊಂಡು ಮನೆಯಲ್ಲಿ ಕುಡೀರಿ ಅಂದೆ, ಕೊಂಡರು. ಮಧ್ಯದಲ್ಲಿ ಪೆಟ್ರೋಲ್ ಬಂಕಿನಲ್ಲಿ ಒಂದು ನಿಲುಗಡೆಯನ್ನು ವೇಳಾಪಟ್ಟಿಯಲ್ಲೇ ಬರೆದಿದ್ದೆ. ಎಲ್ಲರೂ ನಕ್ಕರು, ಅಲ್ಲಿ ಎಲ್ಲರೂ ಇಳಿದರು.

ವೀಟ್ ಬಿಯರ್ ಮೊದಲು, ಐಪಿಎ ಆಮೇಲೆ, ಸ್ಟೌಟ್ ಎಂಬ ಕಪ್ಪು ಬಿಯರ್ ಕೊನೆಗೆ. ರಸ್ತೆ ಸ್ವಲ್ಪ ಸುತ್ತಾಯಿತು, ಚಿಂತೆಯಿಲ್ಲ.

ಆ ದಿನದ ನಿಜವಾದ ಲಾಭ ಬೆಳಿಗ್ಗೆಯೇ ಸಿಕ್ಕಿತು. ಮೊದಲ ಬ್ರೂವರಿಯವರು ಅವತ್ತು ಬಿಯರ್ ತಯಾರಿಸುವ ದಿನ, ಬೇಗ ಬಂದರೆ ನೋಡಬಹುದು, ಆದರೆ ನೆಲವೆಲ್ಲ ಒದ್ದೆ, ಪೈಪೆಲ್ಲ ಬಿಸಿ, ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ ಎಂದಿದ್ದರು. ಒಡೆದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, 65 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟಿದ್ದರು. ಆ ಬಿಸಿಗೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿ ಬಂದ ರಸವನ್ನು ಒಂದೊಂದು ಚಮಚ ಎಲ್ಲರಿಗೂ ಕೊಟ್ಟರು. ಬೆಚ್ಚಗೆ, ಗಾಢವಾದ ಪಾನಕದಷ್ಟು ಸಿಹಿ. ಬಿಯರ್ ಆಗುವ ಮುಂಚೆ ಅದು ಹಾಗಿರುತ್ತದೆ ಎಂದು ನಾನು ನೆನೆಸಿಯೂ ಇರಲಿಲ್ಲ. ಮನೆಯಲ್ಲಿ ಬಿಯರ್ ಮಾಡುವ ನಮ್ಮ ಗೆಳೆಯ ಅಲ್ಲಿ ಹನ್ನೊಂದು ಪ್ರಶ್ನೆ ಕೇಳಿದ. ನಾನು ಎಣಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಿನಿ ಬಸ್ಸಿನ ಕೊರತೆಗಳನ್ನೂ ಹೇಳಬೇಕು. ಕಾಲು ಚಾಚಲು ಆಗುವುದಿಲ್ಲ. ಐಸ್ ಡಬ್ಬಿ ಯಾರದಾದರೂ ತೊಡೆ ಮೇಲೇ ಕೂರಬೇಕು. ಖರ್ಚು ತಲೆಗೆ ದೊಡ್ಡ ಬಸ್ಸಿನ ಒಂದೂವರೆ ಪಟ್ಟು ಬಿತ್ತು. ಇಬ್ಬರು ಕುಡಿಯದವರು ಬಂದಿದ್ದರು, ಅವರಿಂದ ಬಸ್ಸಿನ ದುಡ್ಡು ಮಾತ್ರ ತೆಗೆದುಕೊಂಡೆ. ಡ್ರೈವರ್ ಊಟ ನಮ್ಮ ಜೊತೆಯಲ್ಲೇ, ನಮ್ಮ ಖರ್ಚಿನಲ್ಲೇ.

ಎಲ್ಲಕ್ಕಿಂತ ದೊಡ್ಡ ಕಷ್ಟ ಆರಿಸುವುದು. 38 ಹೆಸರಿನಲ್ಲಿ 22ನ್ನು ಬಿಡುವುದು ಅಂದರೆ 22 ಜನರ ಮುನಿಸು ಕಟ್ಟಿಕೊಳ್ಳುವುದು. ಮೊದಲು ದುಡ್ಡು ಹಾಕಿದ 16 ಜನ, ಮುಗಿಯಿತು ಎಂದು ಬರೆದುಬಿಟ್ಟೆ. ಒಬ್ಬರು ಎರಡು ವಾರ ಮಾತಾಡಲಿಲ್ಲ. ದೊಡ್ಡ ಗುಂಪು ಒಟ್ಟಿಗೆ ಇರುವುದೇ ಮುಖ್ಯ, ಬಿಯರ್ ನೆಪ ಅನ್ನುವವರು ದೊಡ್ಡ ಬಸ್ ಮಾಡಿ ಒಂದೇ ಬ್ರೂವರಿಗೆ ಹೋಗಲಿ, ಮಧ್ಯಾಹ್ನವೆಲ್ಲ ಅಲ್ಲೇ ಕೂರಲಿ. ನನಗೆ ಮಾಡುವವರ ಜೊತೆ ಮಾತು ಬೇಕು. ಆಗಾಗ ಹೋಗುವವನೂ ಅಲ್ಲ, ವರ್ಷಕ್ಕೆ ಎರಡು ಸಲ. ಒಂದೂವರೆ ಪಟ್ಟು ಕೊಟ್ಟರೂ ನನ್ನ ಜೇಬು ತಡೆಯುತ್ತದೆ.

ಮುಂದಿನ ಪ್ರವಾಸದ ಪಟ್ಟಿಯಲ್ಲಿ ಈಗ 14 ಹೆಸರಿವೆ. ಮೊದಲ ಸಲ ಬರುತ್ತೇವೆ ಎಂದು ಹೇಳಿ ಕೈಕೊಟ್ಟ ಏಳು ಜನರಲ್ಲಿ ಮೂವರು ಇದರಲ್ಲಿದ್ದಾರೆ. ಉಳಿದವರು ಅರ್ಧ ಕೊಟ್ಟರೆ ಸಾಕು ಎಂದಿದ್ದೇನೆ. ಆ ಮೂವರಿಂದ ಪೂರ್ತಿ ದುಡ್ಡು ಆಗಲೇ ತೆಗೆದುಕೊಂಡಾಯಿತು.