ಗಡ್ಡಿಗೆ ಒಂದು ಸಂಜೆ ಸಾಕು, ಆನೆಗೊಂದಿ ಕೋಟೆಗೆ ಒಂದು ಬೆಳಗು ಬೇಕು

ಹಂಪಿಗೆ ಬಂದವರು ದೋಣಿ ಹತ್ತಿ ಹೊಳೆ ನಡುವಿನ ವಿರೂಪಾಪುರ ಗಡ್ಡಿಗೆ ಹೋಗಿ, ಟೀ ಕುಡಿದು, ಫೋಟೊ ತೆಗೆದು ವಾಪಸ್ ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಈ ಸಲ ಹಂಪಿಯ ಎದುರು ದಡದ ಹಳೇ ಊರು ಆನೆಗೊಂದಿಯಲ್ಲೇ ಎರಡು ರಾತ್ರಿ ಉಳಿದೆವು.

ಗಡ್ಡಿಯ ಬಗ್ಗೆ ಹಳೆಯ ರಿವ್ಯೂ ಓದಿಕೊಂಡು ಹೋಗಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನೆಲ್ಲ ಕೆಡವಿದರು. ಈಗ ಅದು ಬಂಡೆ, ಭತ್ತದ ಗದ್ದೆ, ಸುತ್ತ ತುಂಗಭದ್ರೆ ಇರುವ ಸಣ್ಣ ಊರು. ನನಗಂತೂ ಹೀಗಿರುವುದೇ ಇಷ್ಟವಾಯಿತು. ಆದರೆ ಸಂಜೆಯ ಕೊನೇ ದೋಣಿ ತಪ್ಪಿಸಿಕೊಳ್ಳಬೇಡಿ. ನಮ್ಮ ಗೆಳೆಯರಿಬ್ಬರು ಹಂಪಿ ಕಡೆಯೇ ಉಳಿದುಬಿಟ್ಟು, ಬುಕ್ಕಸಾಗರದ ಸೇತುವೆ ಮೇಲೆ ಸುತ್ತಿ ಬರಬೇಕಾಯಿತು, ಆಟೋದವರೊಬ್ಬರು ಬೆಳಿಗ್ಗೆ ಹೇಳಿದ್ದರ ಎರಡರಷ್ಟು ದುಡ್ಡು ತೆಗೆದುಕೊಂಡರು.

ಕೋಟೆ ವಿಷಯಕ್ಕೆ ಬರುತ್ತೇನೆ. ಹತ್ತಿರದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಲು ಜನ ಸಾಲುಗಟ್ಟಿರುತ್ತಾರೆ, ಇಲ್ಲಿ ಬೆಳಿಗ್ಗೆ ಆರಕ್ಕೆ ನಾವು ನಾಲ್ವರು ಬಿಟ್ಟರೆ ಯಾರೂ ಇರಲಿಲ್ಲ. ವಿಜಯನಗರದ ಅರಸರು ಹೊಳೆ ದಾಟಿ ಹಂಪಿಯಲ್ಲಿ ಊರು ಕಟ್ಟುವ ಮುಂಚೆ ಅವರ ನೆಲೆ ಇದ್ದದ್ದು ಈ ದಡದಲ್ಲೇ ಅಲ್ವಾ! ಊರಿಂದ ದುರ್ಗಾದೇವಿ ಗುಡಿ ಕಡೆಗೆ ಏರಿದರೆ ಕೋಟೆ ಬಾಗಿಲು ಸಿಗುತ್ತದೆ. ಗೋಡೆಯ ಹತ್ತಿರ ನಿಂತು ಕೈಯಿಟ್ಟು ನೋಡಿ. ಆಳೆತ್ತರದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ, ಗುಡ್ಡದ ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಗೊತ್ತೇ ಆಗುವುದಿಲ್ಲ. ಯುದ್ಧಕ್ಕೆ ಹೊರಡುವ ಮುಂಚೆ ಅರಸರು ಈ ದೇವಿಗೆ ಪೂಜೆ ಮಾಡುತ್ತಿದ್ದರು ಅಂತ ಊರವರು ಹೇಳುತ್ತಾರೆ. ಮೇಲೆ ಹೋದಷ್ಟೂ ಕೆಳಗೆ ಬಾಳೆತೋಟ, ಗದ್ದೆ. ಅವಕ್ಕೆ ನೀರು ಕೊಡುವ ಕಾಲುವೆಗಳಲ್ಲಿ ಕೆಲವು ಆ ಅರಸರ ಕಾಲದವೇ, ಇವತ್ತಿಗೂ ಹರಿಯುತ್ತಿವೆ. ಇದನ್ನು ಗೊತ್ತಿಟ್ಟುಕೊಂಡು ನೋಡಿದರೆ ಆ ಹಸಿರು ಬೇರೆಯೇ ಅನಿಸುತ್ತದೆ.

ಬೇಜಾರಾದ ಒಂದು ಸಂಗತಿ, ನಾವು ಹೋದ ದಾರಿಯಲ್ಲಿ ಇದು ಏನು, ಯಾವ ಕಾಲದ್ದು ಅಂತ ಹೇಳುವ ಒಂದು ಫಲಕವೂ ಕಾಣಲಿಲ್ಲ. ಇಷ್ಟು ದೊಡ್ಡ ಕೋಟೆಯ ಗೋಡೆ ಮೇಲೆ ಹೆಸರು ಕೆತ್ತಿದವರನ್ನು ಕಂಡರೆ ಸಿಟ್ಟು ಬರುತ್ತದೆ.

ನೀರು ನೀವೇ ಒಯ್ಯಿರಿ, ಬಿಸಿಲೇರುವ ಮುಂಚೆ ಇಳಿಯಿರಿ. ಇಳಿದ ಮೇಲೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಕೇಳಿಕೊಳ್ಳಿ.