ಸಾವಿರದ ನೂರು ರೂಪಾಯಿಯ ಓಬಿಡಿ ಸ್ಕ್ಯಾನರ್: ಮೂರೂವರೆ ವರ್ಷ ಬಳಸಿದ ಮೇಲೆ

2022ರ ಜುಲೈ ತಿಂಗಳು. ಬೆಳಿಗ್ಗೆ ಆಫೀಸಿಗೆ ಹೊರಟಿದ್ದೆ. ಯಶವಂತಪುರದ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗ ಮೀಟರಿನಲ್ಲಿ ಹಳದಿ ಎಂಜಿನ್ ಗುರುತು ಹೊತ್ತಿಕೊಂಡಿತು. ಗಾಡಿ ಓಡುವುದರಲ್ಲಿ ಏನೂ ವ್ಯತ್ಯಾಸ ಇಲ್ಲ. ಪಿಕಪ್ ಇದೆ, ಮೈಲೇಜ್ ಇದೆ, ಸದ್ದೂ ಹಾಗೇ ಇದೆ. ಸಂಜೆ ಒಂದು ಗ್ಯಾರೇಜಿಗೆ ಹೋದೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಹಾಕಿದರು, ಎರಡು ನಿಮಿಷಕ್ಕೆ ತೆಗೆದರು. "ಪಿ0420 ಬಂದಿದೆ ಸಾರ್. ಕ್ಯಾಟ್ ಹೋಗಿದೆ. ಹೊಸದು ಹಾಕಬೇಕು, ಐವತ್ತೆರಡು ಸಾವಿರ ಆಗುತ್ತೆ" ಅಂದರು. ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಭಾಗ. ಸ್ಕ್ಯಾನ್ ಮಾಡಿದ್ದಕ್ಕೆ ಆರುನೂರು ರೂಪಾಯಿ ಬೇರೆ.

ಆ ಎರಡು ನಿಮಿಷ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಅವತ್ತು ರಾತ್ರಿಯೇ ಸಾವಿರದ ನೂರು ರೂಪಾಯಿಗೆ ಒಂದು ಬ್ಲೂಟೂತ್ ಸ್ಕ್ಯಾನರ್ ಆರ್ಡರ್ ಮಾಡಿದೆ. ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಇಎಲ್‌ಎಂ 327 ಚಿಪ್ಪಿನ ಅಗ್ಗದ ನಕಲು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಇವತ್ತಿಗೂ ಬಳಸುತ್ತಿದ್ದೇನೆ. ನನ್ನ ಕಾರು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ನಾಲ್ಕು ಸಿಲಿಂಡರ್, ಬಿಎಸ್ 4 (ಹೊಗೆ ಮಾಲಿನ್ಯದ ಮಾನದಂಡ). ಆಗ 61 ಸಾವಿರ ಕಿಲೋಮೀಟರ್ ಓಡಿತ್ತು. ಈಗ ಒಂದು ಲಕ್ಷ ದಾಟಿದೆ.

ಜೋಡಿಸುವುದು ಸುಲಭ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಬಿಎಸ್ 4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ 2 (ಕಾರು ತನ್ನ ದೋಷ ತಾನೇ ಪತ್ತೆ ಮಾಡುವ ವ್ಯವಸ್ಥೆ) ಕಡ್ಡಾಯವಾಯಿತು. ಹಾಗಾಗಿ ಅದರ ನಂತರದ ಕಾರಾದರೆ ಚಿಂತೆ ಬೇಡ. ಸ್ಕ್ಯಾನರ್ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿಗೆ ಬ್ಲೂಟೂತ್ ಜೋಡಿಸಿದರೆ ಆಯಿತು. ನಾನು ಮೊದಲು ಟಾರ್ಕ್ ಆ್ಯಪ್ ಬಳಸಿದೆ, ಈಗ ಕಾರ್ ಸ್ಕ್ಯಾನರ್ ಆ್ಯಪ್. ಐಫೋನ್ ಇರುವವರು ಒಂದು ವಿಷಯ ಗಮನಿಸಿ. ಹಳೆ ಬಗೆಯ ಬ್ಲೂಟೂತ್ ಸ್ಕ್ಯಾನರ್ ಐಫೋನಿಗೆ ಸೇರುವುದಿಲ್ಲ. ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದನ್ನೇ ತಗೊಳ್ಳಿ.

ಮೊದಲ ದಿನ ನನಗೂ ಪಿ0420 ಅಂತಲೇ ತೋರಿಸಿತು. ಗ್ಯಾರೇಜಿನವರು ಓದಿದ್ದು ಸರಿಯಾಗಿತ್ತು. ಆದರೆ ಆ ಕೋಡ್ ಏನು ಹೇಳುತ್ತದೆ ಅಂತ ಪೂರ್ತಿ ಓದಿದರೆ ಕಥೆ ಬೇರೆ. "ಕನ್ವರ್ಟರ್‌ನ ಕೆಲಸ ಇರಬೇಕಾದ ಮಟ್ಟಕ್ಕಿಂತ ಕಡಿಮೆ ಕಾಣುತ್ತಿದೆ" ಅಂತ ಅದು ಹೇಳುತ್ತದೆ. ಕಾಣುತ್ತಿದೆ ಅನ್ನುವ ಮಾತು ಮುಖ್ಯ. ಯಾಕೆಂದರೆ ಕಾರಿನ ಕಂಪ್ಯೂಟರ್ ಕನ್ವರ್ಟರ್ ಒಳಗೆ ಇಣುಕಿ ನೋಡುವುದಿಲ್ಲ. ಅದರ ಮುಂದೆ ಒಂದು ಆಕ್ಸಿಜನ್ ಸೆನ್ಸರ್, ಹಿಂದೆ ಒಂದು. ಆ ಎರಡನ್ನೂ ಹೋಲಿಸಿ ತೀರ್ಮಾನಕ್ಕೆ ಬರುತ್ತದೆ.

ಕನ್ವರ್ಟರ್ ಒಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ತೆಳುವಾಗಿ ಸವರಿರುತ್ತಾರೆ. ಜೊತೆಗೆ ಸೀರಿಯಂ ಆಕ್ಸೈಡ್ ಇರುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಇದ್ದಾಗ ಅದು ಹೀರಿಕೊಳ್ಳುತ್ತದೆ, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಬಿಸಿಯಾದ ಗಾಡಿಯಲ್ಲಿ ಮುಂದಿನ ಸೆನ್ಸರ್ 0.1 ವೋಲ್ಟಿನಿಂದ 0.9ಕ್ಕೆ ಹತ್ತಿ ಇಳಿಯುತ್ತಲೇ ಇದ್ದರೂ ಹಿಂದಿನದು 0.6, 0.7ರ ಹತ್ತಿರ ಶಾಂತವಾಗಿ ನಿಂತಿರಬೇಕು. ಹೀರುವ ಶಕ್ತಿ ಹೋದರೆ ಹಿಂದಿನದೂ ಮುಂದಿನದರ ಹಾಗೇ ಕುಣಿಯುತ್ತದೆ. ಅದನ್ನು ಕಂಡಾಗ ಕಂಪ್ಯೂಟರ್ ದೀಪ ಹಚ್ಚುತ್ತದೆ. ಹೊಸ ಕಾರುಗಳಲ್ಲಿ ಮುಂದಿನದು ಏರ್ ಫ್ಯುಯೆಲ್ ಸೆನ್ಸರ್ ಆಗಿದ್ದರೆ ಅದು ಹೀಗೆ ಕುಣಿಯುವುದಿಲ್ಲ. ಆಗ ಹಿಂದಿನದನ್ನು ಮಾತ್ರ ನೋಡಿ.

ಈ ಸ್ಕ್ಯಾನರ್‌ನ ನಿಜವಾದ ಬೆಲೆ ಇಲ್ಲೇ ಇರುವುದು. ಕೋಡ್ ಓದುವುದಕ್ಕೆ ಯಾವ ಸ್ಕ್ಯಾನರ್ ಆದರೂ ಸಾಕು. ಎರಡು ಸೆನ್ಸರ್‌ಗಳ ಗ್ರಾಫ್ ಒಟ್ಟಿಗೆ ನೋಡಬೇಕು. ಅಗ್ಗದ ಚಿಪ್ ನಿಧಾನ. ಹತ್ತು ವಿಷಯ ಒಟ್ಟಿಗೆ ಕೇಳಿದರೆ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಏನೂ ತಿಳಿಯುವುದಿಲ್ಲ. ಆ್ಯಪ್‌ನಲ್ಲಿ ಆ ಎರಡು ಸೆನ್ಸರ್ ಮಾತ್ರ ಇಟ್ಟು ಉಳಿದದ್ದೆಲ್ಲ ತೆಗೆದುಬಿಡಿ. ಆಗ ನೋಡುವಂತಾಗುತ್ತದೆ. ಇದು ನನಗೆ ಗೊತ್ತಾಗಲು ಒಂದು ವಾರ ಹಿಡಿಯಿತು.

ಅರ್ಧ ಗಂಟೆ ಗಾಡಿ ಓಡಿಸಿ ಬಿಸಿ ಮಾಡಿ, ಮನೆ ಮುಂದೆ ನಿಲ್ಲಿಸಿ ನೋಡಿದೆ. ಐಡಲ್‌ನಲ್ಲಿ ಹಿಂದಿನ ಸೆನ್ಸರ್ ಪದೇ ಪದೇ 0.1ಕ್ಕೆ ಬೀಳುತ್ತಿತ್ತು. ಕ್ಯಾಟ್ ಸತ್ತಿದೆ ಅಂತಲೇ ಅಂದುಕೊಂಡೆ. ಆಮೇಲೆ ಆ್ಯಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದೆ. ಹತ್ತು ಸೆಕೆಂಡಿನಲ್ಲಿ ಅದು 0.65ಕ್ಕೆ ಬಂದು ನಿಂತಿತು! ಕಾಲು ತೆಗೆದರೆ ಮತ್ತೆ ಬೀಳುತ್ತದೆ. ಸತ್ತ ಕನ್ವರ್ಟರ್ ಹೊಗೆ ಜಾಸ್ತಿ ಆದಾಗ ಇನ್ನೂ ಕೆಟ್ಟದಾಗಿ ಕಾಣಬೇಕು, ಅಲ್ವಾ? ಇಲ್ಲಿ ಉಲ್ಟಾ ಆಗುತ್ತಿತ್ತು.

ಹೀಗೆ ಆಗಲು ಒಂದು ಕಾರಣ ಹೊಗೆ ಪೈಪಿನ ಲೀಕ್. ಸೈಲೆನ್ಸರ್ ಪೈಪಿನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಎರಡು ತುಂಡುಗಳ ನಡುವೆ ಒತ್ತಡ ಕುಸಿದಾಗ ಸಣ್ಣ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಐಡಲ್‌ನಲ್ಲಿ ಇದು ಜಾಸ್ತಿ. ಆ ಗಾಳಿಯ ಆಕ್ಸಿಜನ್ ನೋಡಿ ಹಿಂದಿನ ಸೆನ್ಸರ್ ಮೋಸಹೋಗುತ್ತದೆ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕನ್ವರ್ಟರ್ ಮತ್ತು ಹಿಂದಿನ ಸೆನ್ಸರ್ ನಡುವಿನ ಜಾಯಿಂಟ್‌ಗೆ ಸೋಪು ನೀರು ಚಿಮುಕಿಸಿದೆ. ಮೇಲ್ಭಾಗದಲ್ಲಿ ಗುಳ್ಳೆ ಬಂತು. ಪಕ್ಕದಲ್ಲೇ ಮಸಿಯ ಕಪ್ಪು ಗೆರೆ ಇತ್ತು. ಪ್ಯಾಕಿಂಗ್ ಸುಟ್ಟುಹೋಗಿತ್ತು.

ಜೆ.ಸಿ. ರಸ್ತೆಯಲ್ಲಿ ಪ್ಯಾಕಿಂಗ್ 180 ರೂಪಾಯಿಗೆ ಸಿಕ್ಕಿತು. ಬೋಲ್ಟು, ಸ್ಪ್ರಿಂಗ್, ಕೂಲಿ ಎಲ್ಲ ಸೇರಿ 950 ಆಯಿತು. ಕೋಡ್ ಅಳಿಸಿ ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಿ ಬಂದೆ. ದೀಪ ಮತ್ತೆ ಬರಲಿಲ್ಲ. ಐವತ್ತೆರಡು ಸಾವಿರ ಉಳಿಯಿತು. ಅದಕ್ಕಿಂತ ಮಿಗಿಲಾಗಿ, ಚೆನ್ನಾಗಿದ್ದ ಒಂದು ಕನ್ವರ್ಟರ್ ಗುಜರಿಗೆ ಹೋಗುವುದು ತಪ್ಪಿತು.

ನಡುವೆ ಒಂದು ಮಾತು. ದೀಪ ಹೊತ್ತಿದ್ದ ಆ ವಾರದಲ್ಲೇ ನನ್ನ ಎಮಿಷನ್ ಟೆಸ್ಟ್ ಅವಧಿ ಮುಗಿದಿತ್ತು. ಟೆಸ್ಟ್ ಮಾಡಿಸಿದೆ, ಪಾಸಾಯಿತು. ಬಿಎಸ್ 4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಶೇಕಡ, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ನನ್ನದು ಎರಡರಲ್ಲೂ ಬಹಳ ಕೆಳಗಿತ್ತು. ಲೀಕಿನಿಂದ ಗಾಳಿ ಸೇರಿದರೆ ಹೊಗೆ ತೆಳುವಾಗಿ ಅಳತೆ ಇನ್ನೂ ಕಡಿಮೆಯೇ ಬರುತ್ತದೆ. ಸೈಲೆನ್ಸರ್‌ಗೆ ಪೈಪು ಇಟ್ಟು ಅಳೆದರು, ಮೀಟರಿನ ದೀಪ ಯಾರೂ ನೋಡಲಿಲ್ಲ. ಆದ್ದರಿಂದ "ಟೆಸ್ಟ್ ಪಾಸಾಗಿದೆ, ದೀಪ ಸುಮ್ನೆ ಬಿಡು" ಅನ್ನುವ ಸಲಹೆಯನ್ನು ದಯವಿಟ್ಟು ನಂಬಬೇಡಿ.

ಎರಡನೇ ಸಲ ಈ ಸ್ಕ್ಯಾನರ್ ನೆರವಾದದ್ದು 2024ರ ಡಿಸೆಂಬರ್‌ನಲ್ಲಿ. ಕುಕ್ಕೆಯಿಂದ ವಾಪಸ್ ಬರುತ್ತಾ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಗಾಡಿ ತುಂಬ ಜನ. ಎಂಜಿನ್ ನಡುಗತೊಡಗಿತು, ದೀಪ ಮಿನುಗತೊಡಗಿತು. ಸುಮ್ಮನೆ ಹೊತ್ತಿರುವ ದೀಪಕ್ಕೂ ಮಿನುಗುವ ದೀಪಕ್ಕೂ ತುಂಬಾ ವ್ಯತ್ಯಾಸ ಇದೆ. ಮಿನುಗಿದರೆ ಎಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ಒಳಗಿನ ಇಟ್ಟಿಗೆ ಕರಗುವಷ್ಟು ಬಿಸಿ ಏರಬಹುದು. ಪಕ್ಕಕ್ಕೆ ನಿಲ್ಲಿಸಿ ಸ್ಕ್ಯಾನರ್ ಹಾಕಿದೆ. ಪಿ0303, ಮೂರನೇ ಸಿಲಿಂಡರ್. ಏಸಿ ಆಫ್ ಮಾಡಿ, ಮನೆಯವರಲ್ಲಿ ಮೂವರನ್ನು ಬಸ್ಸಿಗೆ ಹತ್ತಿಸಿ, ನಿಧಾನವಾಗಿ ಸಕಲೇಶಪುರ ಮುಟ್ಟಿದೆ.

ಅಲ್ಲಿನ ಮೆಕ್ಯಾನಿಕ್ ಒಬ್ಬರು ಕೆಲಸ ಬಲ್ಲವರು. ಕೋಡ್ ತೋರಿಸಿದ ತಕ್ಷಣ ಎರಡನೇ ಮತ್ತು ಮೂರನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ ಅದಲುಬದಲು ಮಾಡಿದರು. ಅಳಿಸಿ ಸ್ಟಾರ್ಟ್ ಮಾಡಿದರೆ ಪಿ0302 ಬಂತು. ತೊಂದರೆ ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು. ಹಾಸನದಿಂದ ಬಸ್ಸಿನಲ್ಲಿ ಕಾಯಿಲ್ ತರಿಸಿ ಹಾಕಿದರು. ಒಟ್ಟು 2,400 ರೂಪಾಯಿ. ಪ್ಲಗ್, ಇಂಜೆಕ್ಟರ್ ಅಂತ ಒಂದೊಂದೇ ಬದಲಿಸುತ್ತಾ ಹೋಗುವ ಗೋಜೇ ಬರಲಿಲ್ಲ.

ಆದರೆ ಆ ಘಾಟಿ ತನ್ನ ಗುರುತು ಬಿಟ್ಟಿತು ಅಂತ ನನ್ನ ಅನುಮಾನ. 2025ರ ಜುಲೈನಲ್ಲಿ ಒಂದು ದಿನ ಸುಮ್ನೆ ಸ್ಕ್ಯಾನ್ ಮಾಡಿದಾಗ ಪೆಂಡಿಂಗ್ ಪಟ್ಟಿಯಲ್ಲಿ ಪಿ0420 ಕಂಡಿತು. ದೀಪ ಇನ್ನೂ ಬಂದಿರಲಿಲ್ಲ. ಇಂಥ ಕೋಡ್‌ಗಳು ಒಂದೇ ಓಡಾಟದಲ್ಲಿ ದೀಪ ಹಚ್ಚುವುದಿಲ್ಲ, ಮತ್ತೊಮ್ಮೆ ಕಂಡ ಮೇಲೆ ಹಚ್ಚುತ್ತವೆ. ಈ ಸಲ ಪ್ಯಾಕಿಂಗ್ ಸರಿಯಿತ್ತು, ಸೋಪು ನೀರಿಗೆ ಒಂದು ಗುಳ್ಳೆಯೂ ಬರಲಿಲ್ಲ. ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಕೂಡ ಹತ್ತು ಶೇಕಡದ ಒಳಗೇ ಇತ್ತು. ಅದು ಮೊದಲು ಎರಡು ಮೂರು ಶೇಕಡ ಇದ್ದದ್ದು ಇಪ್ಪತ್ತು ಶೇಕಡ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಆರೇಳಕ್ಕೆ ಏರಿತ್ತು. ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕಾಗುತ್ತದೆ, ಅದು ಸಹಜ. ಐಡಲ್‌ನಲ್ಲಿ, 2500ರಲ್ಲಿ, ಹೆದ್ದಾರಿಯಲ್ಲಿ, ಎಲ್ಲಿ ನೋಡಿದರೂ ಹಿಂದಿನ ಸೆನ್ಸರ್ ಮುಂದಿನದರ ನೆರಳಿನ ಹಾಗೆ ಕುಣಿಯುತ್ತಿತ್ತು. ಈ ಸಲ ಕನ್ವರ್ಟರ್ ನಿಜವಾಗಿಯೂ ಹೋಗಿತ್ತು.

ಮೂರು ಕಡೆ ಕೇಳಿದೆ. ಒಂದು ಕಡೆ ಒಂಬತ್ತು ಸಾವಿರಕ್ಕೆ ಯಾವುದೋ ಹೆಸರಿಲ್ಲದ ಕನ್ವರ್ಟರ್ ಹಾಕಿಕೊಡುತ್ತೇವೆ ಅಂದರು. ಇನ್ನೊಂದು ಕಡೆ ಒಳಗಿನ ಇಟ್ಟಿಗೆ ಒಡೆದು ತೆಗೆದು, ಹಿಂದಿನ ಸೆನ್ಸರ್‌ಗೆ ಸ್ಪೇಸರ್ (ಅದನ್ನು ಹೊಗೆಯಿಂದ ದೂರ ಸರಿಸುವ ತುಂಡು) ಕೊಟ್ಟು ದೀಪ ಬಾರದ ಹಾಗೆ ಮಾಡುತ್ತೇವೆ ಅಂದರು. ಅದು ಕಾನೂನಿಗೆ ವಿರುದ್ಧ. ಕಾನೂನು ಇಲ್ಲದಿದ್ದರೂ ನಾನು ಮಾಡಿಸುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಶಾಲೆ ಇದೆ. ಬೆಳಿಗ್ಗೆ ಗೇಟಿನ ಮುಂದೆ ಮಕ್ಕಳು ಸಾಲಾಗಿ ನಿಂತಿರುತ್ತಾರೆ, ಗಾಡಿಗಳ ಹೊಗೆ ಪೈಪು ಅವರ ಮುಖದ ಎತ್ತರಕ್ಕೆ ಹತ್ತಿರವೇ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡ್ ಎರಡನ್ನೂ ತಡೆಯುವ ಭಾಗವನ್ನು ಕಿತ್ತು ಎಸೆದು ಅಲ್ಲಿಂದ ಹಾದುಹೋಗಲು ನನಗೆ ಆಗುವುದಿಲ್ಲ. 56,500 ರೂಪಾಯಿ ಕೊಟ್ಟು ಕಂಪನಿಯದ್ದೇ ಹಾಕಿಸಿದೆ. ದುಡ್ಡು ಹೊಂದಿಸಲು ಒಂದು ತಿಂಗಳು ಹಿಡಿಯಿತು. ಹಳೆಯದನ್ನು ಕೇಳಿ ಪಡೆದುಕೊಂಡೆ. ನೀವೂ ಕೇಳಿ ಪಡೆಯಿರಿ. ಅದರಲ್ಲಿರುವ ಲೋಹಕ್ಕೆ ಬೆಲೆ ಇದೆ.

ಇನ್ನು ಸ್ಕ್ಯಾನರ್‌ನ ದೋಷಗಳು. ದೊಡ್ಡದು ಬ್ಯಾಟರಿ. ಸಾಕೆಟ್‌ನ ಹದಿನಾರನೇ ಪಿನ್ನಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಕೀಲಿ ತೆಗೆದರೂ. 2023ರಲ್ಲಿ ಸ್ಕ್ಯಾನರ್ ಬಿಟ್ಟು ಮೂರು ವಾರ ಊರಿಗೆ ಹೋಗಿದ್ದೆ. ಬಂದಾಗ ಸ್ಟಾರ್ಟರ್ ಕಟಕಟ ಅಂತಷ್ಟೇ ಅಂದಿತು. ಆಮೇಲೆ ಅಳೆದರೆ ನನ್ನದು ಸುಮಾರು 45 ಮಿಲಿಆಂಪ್ ಎಳೆಯುತ್ತಿತ್ತು. ದಿನಕ್ಕೆ ಒಂದು ಆಂಪಿಯರ್ ಅವರ್‌ಗಿಂತ ಜಾಸ್ತಿ. ಕೆಲಸ ಆದ ಮೇಲೆ ತೆಗೆದಿಡಿ, ಅಥವಾ ಸ್ವಿಚ್ ಇರುವುದನ್ನು ಕೊಳ್ಳಿ. ಎರಡನೆಯದು, ಎಬಿಎಸ್ ಮತ್ತು ಏರ್‌ಬ್ಯಾಗ್ ಕೋಡ್‌ಗಳನ್ನು ಇದು ನನ್ನ ಕಾರಿನಲ್ಲಿ ಓದುವುದಿಲ್ಲ. ಬ್ಲೂಟೂತ್ ಆಗಾಗ ಬಿಟ್ಟುಹೋಗುತ್ತದೆ, ಅದು ಸಣ್ಣ ವಿಷಯ. ಡೀಸೆಲ್ ಕಾರಿನಲ್ಲಿ ನಾನು ಬಳಸಿಲ್ಲ.

ಅಳಿಸುವ ಬಟನ್ ಬಗ್ಗೆ ಎಚ್ಚರ ಇರಲಿ. ಒತ್ತಿದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ತೊಂದರೆ ಕಂಡ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಬಿಸಿ ಎಷ್ಟಿತ್ತು ಅನ್ನುವುದೆಲ್ಲ ಅದರಲ್ಲಿರುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಅಳಿಸಿ. ಅಳಿಸಿದ ಮೇಲೆ ಕಾರು ತನ್ನ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಮಾಡಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನನ್ನ ಕಾರಿನ ಕ್ಯಾಟಲಿಸ್ಟ್ ಪರೀಕ್ಷೆ ನಾಲ್ಕು ದಿನವಾದರೂ ಮುಗಿಯಲಿಲ್ಲ. ನೆಲಮಂಗಲ ದಾಟಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಹೋದ ಮೇಲೆ ಮುಗಿಯಿತು. ಅದು ಮುಗಿದಿದೆ ಅಂತ ಆ್ಯಪ್ ತೋರಿಸುವವರೆಗೆ ರಿಪೇರಿ ಸರಿಹೋಯಿತು ಅಂತ ಹೇಳಲು ಬರುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಬ್ಯಾಟರಿಗಾಗಿ ಕಡಿಮೆ. ಹೊಸ ಕನ್ವರ್ಟರ್ ಹಾಕಿ ಆರು ಸಾವಿರ ಕಿಲೋಮೀಟರ್ ಆಯಿತು. ಹೋದ ಭಾನುವಾರ ನೋಡಿದಾಗ ಹಿಂದಿನ ಸೆನ್ಸರ್ 0.68ರಲ್ಲಿ ನೇರ ಗೆರೆ ಎಳೆದ ಹಾಗೆ ನಿಂತಿತ್ತು, ಪೆಂಡಿಂಗ್ ಪಟ್ಟಿ ಖಾಲಿ ಇತ್ತು.